ಗುರುವಾರದ ಐಸುಗಡ್ಡೆ

ಅವರು ತೀರಿಕೊಂಡ ಸುದ್ದಿ ನನಗೆ ಬೀರೂರು ಸ್ಟೇಷನ್ನಿನಲ್ಲಿ ಸಿಕ್ಕಿತು. ಹಳೆಯ ಶಿಷ್ಯನೊಬ್ಬ ಹತ್ತಿರ ಬಂದು, "ಮೇಷ್ಟ್ರೇ, ನಿಮ್ ದೋಸ್ತ್ರು ಹೋಗ್ಬಿಟ್ರಂತೆ, ಗೊತ್ತಾಯ್ತಾ?" ಎಂದ. ಯಾವ ದೋಸ್ತ್ರು ಎಂದು ನಾನು ಕೇಳಲಿಲ್ಲ. ನನಗೆ ಆ ಹೆಸರಿನಿಂದ ಊರೆಲ್ಲ ಗುರುತಿಸುತ್ತಿದ್ದ ಸ್ನೇಹಿತರು ಒಬ್ಬರೇ ಇದ್ದರು. ದುಃಖ ಬರಬೇಕಿತ್ತು. ಬಂದದ್ದು ಕೋಪ. ಇಷ್ಟು ವರ್ಷ ಕಳೆದ ಮೇಲೂ, ಸತ್ತವರ ಮೇಲೂ, ಮೈಯೆಲ್ಲ ಉರಿಯುವಂಥ ಕೋಪ.

ಹೆಸರು ಬರೆಯುವುದಿಲ್ಲ. ಅವರ ಮಕ್ಕಳು ಒಳ್ಳೆಯವರು, ಈ ಕಡೆಯೇ ಕೆಲಸದಲ್ಲಿದ್ದಾರೆ. ಈ ಸ್ನೇಹಿತರನ್ನು ಎಲ್ಲರೂ 'ಇನ್ಸ್‌ಪೆಕ್ಟ್ರು' ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಪೊಲೀಸರಲ್ಲ. ಹಳ್ಳಿಗಳಿಗೆ ಹೋಗಿ ಮಕ್ಕಳಿಗೆ ಸೂಜಿ ಹಾಕುವ, ಪೋಲಿಯೋ ಹನಿ ಕುಡಿಸುವ ಹೆಲ್ತ್ ಇನ್ಸ್‌ಪೆಕ್ಟರ್.

ನಾನು ಅಜ್ಜಂಪುರದ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಆಗ ಅಜ್ಜಂಪುರ ಇನ್ನೂ ತರೀಕೆರೆ ತಾಲ್ಲೂಕಿಗೆ ಸೇರಿತ್ತು. ನನ್ನ ಬಲಗಾಲು ಎರಡನೇ ವರ್ಷದಲ್ಲೇ ಹೋದದ್ದು. ಚೌಳಹಿರಿಯೂರಿನಲ್ಲಿ ನಾನು ಹುಟ್ಟಿದ ಕಾಲಕ್ಕೆ ಹನಿಯೂ ಇರಲಿಲ್ಲ, ಹನಿಯ ಸುದ್ದಿಯೂ ಇರಲಿಲ್ಲ. ಜ್ವರ ಬಂತು, ಅಮ್ಮ ಬೇವಿನ ಸೊಪ್ಪು ಕಟ್ಟಿದಳು, ಜ್ವರ ಇಳಿಯುವ ಹೊತ್ತಿಗೆ ಕಾಲು ಬತ್ತಿತ್ತು. ಆದ್ದರಿಂದ ನನಗೆ ಯಾರ ಮೇಲೂ ದೂರಿಲ್ಲ. ಆದರೆ ಹನಿ ಬಂದ ಮೇಲೂ ಒಂದು ಮಗುವಿನ ಕಾಲು ಹೋಗುವುದೆಂದರೆ ನನಗೆ ಸಹಿಸಲಾಗುತ್ತಿರಲಿಲ್ಲ. ಅದು ನನ್ನ ಹುಚ್ಚು ಅನ್ನಿ, ಹಟ ಅನ್ನಿ.

ಈ ಹುಚ್ಚಿಗೆ ಬೆಂಕಿ ಹಚ್ಚಿದವರೇ ಇನ್ಸ್‌ಪೆಕ್ಟ್ರು. ಎಂಬತ್ತರ ದಶಕದ ಮೊದಲ ವರ್ಷಗಳು. ಒಂದು ಸಂಜೆ ನಮ್ಮ ಜಗಲಿ ಮೇಲೆ ಕೂತು, ಕ್ಯಾನ್ವಾಸ್ ಶೂ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಾ ಹೇಳಿದರು: "ಹನಿ ಐತೆ ಮೇಷ್ಟ್ರೇ, ಐಸ್ ಇಲ್ಲ. ತರೀಕೆರೆಯಿಂದ ಥರ್ಮಾಸಲ್ಲಿ ತತ್ತೀನಿ. ರೈಲಲ್ಲಿ ಬಂದು, ಶಿವನಿ ಸ್ಟೇಷನ್ನಲ್ಲಿಳಿದು, ನಡ್ಕಂಡು ಹಟ್ಟಿ ಮುಟ್ಟೋ ಹೊತ್ಗೆ ಐಸೆಲ್ಲ ಪುಡಿಪುಡಿ, ನೀರು. ಬಿಸಿಯಾದ್ ಹನೀನ ಕುಡಿಸಿದ್ರೂ ಒಂದೇ, ಬಾವಿ ನೀರು ಕುಡಿಸಿದ್ರೂ ಒಂದೇ."

ನನ್ನ ಮನೆಯಲ್ಲಿ ಸೀಮೆಎಣ್ಣೆಯಲ್ಲಿ ನಡೆಯುವ ಒಂದು ಹಳೆಯ ಫ್ರಿಜ್ ಇತ್ತು. ಲಾರಿ ಓಡಿಸುತ್ತಿದ್ದ ನನ್ನ ಭಾವಮೈದ ಯಾವುದೋ ಕಾಫಿ ಎಸ್ಟೇಟಿನ ಹರಾಜಿನಲ್ಲಿ ಹಿಡಿದು ತಂದದ್ದು. ಕೆಳಗೆ ದೀಪ ಉರಿಯುತ್ತದೆ, ಮೇಲೆ ತಣ್ಣಗಾಗುತ್ತದೆ. ಇದನ್ನು ನೋಡಲೆಂದೇ ಜನ ಬರುತ್ತಿದ್ದರು. ಬೆಂಕಿ ಇಟ್ಟರೆ ಐಸ್ ಹೇಗಾಗುತ್ತದೆ ಎಂದು ವಿವರಿಸಿ ವಿವರಿಸಿ ನನಗೂ ಸಾಕಾಗಿತ್ತು. ಬತ್ತಿ ಸ್ವಲ್ಪ ಜಾಸ್ತಿಯಾದರೆ ಅಡಿಗೆಮನೆಯೆಲ್ಲ ಮಸಿ, ನನ್ನ ಹೆಂಡತಿಯ ಬಾಯಿಂದ ಮಂತ್ರ.

ಒಡೆಯದ, ಬೇಗ ಕರಗದ ಐಸ್ ಮಾಡಬೇಕು ಎಂದು ಆ ಸಂಜೆಯೇ ತೀರ್ಮಾನವಾಯಿತು. ನಮ್ಮಪ್ಪ ಮಣ್ಣಿನ ಗೋಡೆ ಇಡುವಾಗ ಕೆಸರಿಗೆ ರಾಗಿಹುಲ್ಲು ಕತ್ತರಿಸಿ ಹಾಕಿ ತುಳಿಸುತ್ತಿದ್ದ. ಹುಲ್ಲಿಲ್ಲದ ಗೋಡೆ ಬಿರಿಯುತ್ತದೆ. ಮಣ್ಣಿಗೆ ಆಗುವುದು ನೀರಿಗೆ ಯಾಕಾಗಬಾರದು? ಮರದ ಹೊಟ್ಟು ಕಲಸಿದ ಐಸ್ ಕಲ್ಲಿನ ಹಾಗೆ ಗಟ್ಟಿ ಎಂದು ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ ನೆನಪೂ ಇತ್ತು.

ಮುಂದಿನ ಎರಡು ತಿಂಗಳು ನಮ್ಮ ಮನೆ ಮನೆಯಾಗಿರಲಿಲ್ಲ. ಇನ್ಸ್‌ಪೆಕ್ಟ್ರು ತರೀಕೆರೆಯ ಮರ ಕೊಯ್ಯುವ ಮಿಲ್ಲಿನಿಂದ ಗೋಣಿಚೀಲದಲ್ಲಿ ಹೊಟ್ಟು ಹೊತ್ತು ತಂದರು. ನಾನು ತೆಂಗಿನ ನಾರು ಬಿಡಿಸಿದೆ. ರಾಗಿ ಹೊಟ್ಟು ಹಾಕಿ ನೋಡಿದೆವು, ಅದು ಮೆತ್ತಗಾಗಿ ಅಂಬಲಿಯಾಯಿತು. ಕುರಿ ಉಣ್ಣೆ ಹಾಕಿದೆವು, ವಾಸನೆಗೆ ಹೆಂಡತಿ ಫ್ರಿಜ್ಜನ್ನೇ ಹೊರಗೆ ಎಸೆಯುತ್ತೇನೆಂದಳು. ಒಣ ಹೊಟ್ಟು ನೀರಿನ ಮೇಲೆ ತೇಲುತ್ತದೆ, ಕೆಳಗೆ ಬರೀ ಐಸ್, ಮೇಲೆ ಬರೀ ಹೊಟ್ಟು. ಒಂದು ಹಗಲು ಒಂದು ರಾತ್ರಿ ನೆನೆಸಿ, ಗಂಜಿಯಷ್ಟು ಗಟ್ಟಿಯಾದ ಮೇಲೆ ಫ್ರಿಜ್ಜಿಗಿಟ್ಟರೆ ಸರಿಯಾಗುತ್ತದೆ ಎಂದು ಕಂಡುಹಿಡಿಯುವ ಹೊತ್ತಿಗೆ ದೀಪಾವಳಿ ಬಂದಿತ್ತು. ಮೂರು ಪಾಲು ಹೊಟ್ಟಿಗೆ ಒಂದು ಪಾಲು ನಾರು. ಆ ಲೆಕ್ಕ ಇವತ್ತಿಗೂ ಬಾಯಲ್ಲಿದೆ.

ಪರೀಕ್ಷೆ ಮಾಡುವುದು ಹಿತ್ತಲಿನಲ್ಲಿ. ಎರಡು ಇಟ್ಟಿಗೆ, ಮಧ್ಯೆ ಐಸಿನ ಹಲಗೆ, ಅದಕ್ಕೊಂದು ಬಕೆಟ್ ನೇತುಹಾಕಿ ಕಲ್ಲು ತುಂಬುತ್ತಾ ಹೋಗುವುದು. ಬರೀ ನೀರಿನ ಹಲಗೆ ಮೂರು ಕಲ್ಲಿಗೆ ಟಣ್ ಎಂದು ಮುರಿಯಿತು. ನಮ್ಮ ಹಲಗೆ ಬಕೆಟ್ ತುಂಬಿದರೂ ಜಪ್ಪಯ್ಯ ಅನ್ನಲಿಲ್ಲ. ರುಬ್ಬುಗುಂಡು ತಂದಿಟ್ಟೆವು. ಕೊನೆಗೆ ಇನ್ಸ್‌ಪೆಕ್ಟ್ರು ಶೂ ಬಿಚ್ಚಿ, ಪಂಚೆ ಎತ್ತಿ ಕಟ್ಟಿ, ತಾವೇ ಹತ್ತಿ ನಿಂತರು. ಎರಡೂ ಕೈ ಅಗಲಿಸಿ, "ಮೇಷ್ಟ್ರೇ, ಕಾಲು ಮರಗಟ್ಟೋಯ್ತು, ಐಸ್ ಮುರೀಲಿಲ್ಲ!" ಎಂದು ಕೂಗಿದರು. ಪಕ್ಕದ ಮನೆಯ ಮುದುಕಪ್ಪ ಬೇಲಿಯ ಮೇಲಿಂದ ಇಣುಕಿ, "ನೀರಿಗೆ ಹೊಟ್ಟು ಕಲಸಿ ಅದ್ರ ಮೇಲೆ ಕುಣೀತಾವ್ರಲ್ಲಪ್ಪಾ, ಇವ್ರಿಗೇನಾಗೈತೆ?" ಎಂದ. ನಾವು ನಕ್ಕ ನಗು! ನನ್ನ ಜೀವಮಾನದಲ್ಲಿ ನಾನು ಅಷ್ಟು ಸಂತೋಷವಾಗಿದ್ದ ದಿನಗಳು ಕೈಬೆರಳೆಣಿಕೆಯಷ್ಟು. ಅದರಲ್ಲಿ ಅದೂ ಒಂದು. ಅದನ್ನೂ ಅವರು ಕಿತ್ತುಕೊಂಡರು.

ಅವರ ಗುಣಗಳನ್ನು ಹೇಳಬೇಕು, ಹೇಳದಿದ್ದರೆ ನಾನೇ ಸುಳ್ಳನಾಗುತ್ತೇನೆ. ಬರಿಗೈಯಲ್ಲಿ ಬಂದವರಲ್ಲ. ಬಂದಾಗಲೆಲ್ಲ ಒಂದು ಸೀಬೆಹಣ್ಣು, ಒಂದು ಹಿಡಿ ಅವರೆಕಾಯಿ, ಏನಾದರೊಂದು. ನನ್ನ ಹೆಂಡತಿಯನ್ನು 'ಅಕ್ಕಾ' ಎನ್ನುತ್ತಿದ್ದರು. ಅವಳಿಗೆ ಒಡಹುಟ್ಟಿದ ತಮ್ಮ ಬರೀ ಲಾರಿಯ ಹಿಂದೆ ಅಲೆಯುವವನು, ಗೌರಿಹಬ್ಬಕ್ಕೆ ಅವಳು ಬಾಗಿನದ ಜೊತೆ ನೆನೆಯುತ್ತಿದ್ದದ್ದು ಈ ತಮ್ಮನನ್ನು. ನಾನು ನಡೆಯುವಾಗ ಎಲ್ಲರೂ ನಿಧಾನ ಮಾಡಿಕೊಂಡು ನನ್ನ ಜೊತೆ ಹೆಜ್ಜೆ ಹಾಕುತ್ತಾರೆ, ಅದು ನನಗೆ ಆಗದು. ಅವರು ತಮ್ಮ ಪಾಡಿಗೆ ಮುಂದೆ ನಡೆದು, ಎಲ್ಲಾದರೂ ನಿಂತು ಬೀಡಿ ಹಚ್ಚುವ ನೆಪ ಮಾಡುತ್ತಿದ್ದರು. ನಾನು ತಲುಪಿದ ಮೇಲೆ ಬೀಡಿಯನ್ನು ಹಾಗೇ ಜೇಬಿಗಿಡುತ್ತಿದ್ದರು. ಇಷ್ಟು ಸೂಕ್ಷ್ಮ ಗೊತ್ತಿದ್ದ ಮನುಷ್ಯ.

"ಹಟ್ಟಿಗೆ ನಾನು ನಡೆಯಲಾರೆ. ನನ್ನ ಕಾಲು ನೀವೇ ಇನ್ಸ್‌ಪೆಕ್ಟ್ರೇ" ಎಂದು ನಾನೇ ಒಂದು ದಿನ ಅಂದೆ. "ಬಿಡಿ ಮೇಷ್ಟ್ರೇ, ನಿಮ್ ತಲೆ ನನ್ ಕಾಲು, ಸಾಕಲ್ಲ" ಎಂದರು.

ಕಾರ್ತೀಕದಿಂದ ಕೆಲಸ ಶುರುವಾಯಿತು. ವಾರಕ್ಕೊಂದು ಗಡ್ಡೆ. ಒಂದೇ ಅಳತೆಯ ಎರಡು ಬಿಸ್ಕತ್ ಡಬ್ಬಗಳು. ಒಂದು ಮೇಲಿನ ಅರೆಯಲ್ಲಿ ಗಟ್ಟಿಯಾಗುತ್ತಿದ್ದರೆ, ಇನ್ನೊಂದು ಕೆಳಗೆ ತಣ್ಣಗೆ ನೆನೆಯುತ್ತಿರುತ್ತಿತ್ತು. ಗುರುವಾರ ಬೆಳಿಗ್ಗೆ ಗಟ್ಟಿಯಾದ ಡಬ್ಬವನ್ನು ಯಗಟಿಯಲ್ಲಿ ನೇಯ್ದ ಕಂಬಳಿಯ ತುಂಡಿನಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿ ಹೊಟ್ಟಿನ ಮಧ್ಯೆ ಇಟ್ಟು ಕೊಡುವುದು. ಹನಿಯ ಶೀಷೆಗಳು ಅವರ ಥರ್ಮಾಸಿನಲ್ಲಿರುತ್ತಿದ್ದವು. "ರೈಲಲ್ಲಿ ಕೂತು ಜೋಡಿಸ್ಕತೀನಿ, ಹೊತ್ತಾಯ್ತು" ಎಂದು ಪೆಟ್ಟಿಗೆಯನ್ನು ಹೆಗಲಿಗೇರಿಸಿ ಸ್ಟೇಷನ್ನಿಗೆ ಹೊರಟುಬಿಡುತ್ತಿದ್ದರು. ಶುಕ್ರವಾರ ಸಂಜೆ ಖಾಲಿ ಡಬ್ಬ ವಾಪಸ್ಸು, ಜೊತೆಗೆ ವರದಿ.

ಆ ವರದಿಗಾಗಿ ನಾನು ಶುಕ್ರವಾರವಿಡೀ ಕಾಯುತ್ತಿದ್ದೆ. ಅವರು ಜಗಲಿಗೆ ಬರುವ ಮೊದಲೇ ಬೆರಳು ಎತ್ತಿ ತೋರಿಸುತ್ತಿದ್ದರು. ಹಟ್ಟಿ ತಲುಪಿದಾಗ ಡಬ್ಬದಲ್ಲಿ ಎಷ್ಟು ಬೆರಳು ಐಸ್ ಉಳಿದಿತ್ತು ಅಂತ. ಚಳಿಗಾಲದಲ್ಲಿ ನಾಲ್ಕು. ಬಿಸಿಲು ಏರಿದಂತೆ ಮೂರೂವರೆ, ಒಮ್ಮೆ ಮೂರು. ನಾನು ಪುಸ್ತಕದಲ್ಲಿ ಬರೆದುಕೊಂಡು, ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು, ಶಾಲೆಯ ಗೋಡೆಗೆ ಅಂಟಿಸಿದೆ. ಎಷ್ಟು ಚೆಂದದ ಗೆರೆ! ನಿಜವಾದ ಐಸ್ ಅಷ್ಟು ವಿಧೇಯವಾಗಿ ಕರಗುವುದಿಲ್ಲ ಎಂದು ವಿಜ್ಞಾನದ ಮೇಷ್ಟ್ರಿಗೆ ಹೊಳೆಯಬೇಕಿತ್ತು. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಜಾತಿ ನಾನು.

ವರದಿಯ ಜೊತೆಗೆ ಕಥೆಗಳೂ ಇರುತ್ತಿದ್ದವು. ಹಟ್ಟಿಯ ಅಜ್ಜಿಯೊಬ್ಬಳು ಐಸ್ ಮುಟ್ಟಿ, "ಅಯ್ಯಯ್ಯೋ, ಸುಡ್ತದಲ್ಲೋ ಮಗ" ಎಂದು ಕೈ ಝಾಡಿಸಿದಳಂತೆ. ಆಮೇಲೆ ಒಂದು ಚೂರು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಸೊಸೆಗೆ ತೋರಿಸುವಷ್ಟರಲ್ಲಿ ಸೆರಗು ಒದ್ದೆ, ಹೊಟ್ಟು ಮಾತ್ರ ಉಳಿದಿತ್ತಂತೆ. ಆ ಅಜ್ಜಿಯನ್ನು ನಾನು ಕಣ್ಣಿಂದ ಕಂಡವನಂತೆ ತರಗತಿಯಲ್ಲಿ ಹೇಳಿದ್ದೇ ಹೇಳಿದ್ದು.

ಮಾರ್ಚ್ ಮೊದಲ ವಾರ. ಗುರುವಾರ ನನಗೆ ತರೀಕೆರೆಯಲ್ಲಿ ಮೇಷ್ಟ್ರುಗಳ ಮೀಟಿಂಗ್, ಬೆಳಿಗ್ಗೆಯೇ ಹೋಗಿದ್ದೆ. ಸಂಜೆ ಬಂದು ಫ್ರಿಜ್ ತೆಗೆದರೆ ಮೇಲಿನ ಅರೆಯಲ್ಲಿ ಆ ವಾರದ ಗಡ್ಡೆ ಹಾಗೇ ಕೂತಿದೆ. ಕೆಳಗಿನ ಡಬ್ಬ ಇಲ್ಲ.

"ಇದ್ಯಾಕೆ ಇಲ್ಲೇ ಇದೆ?" ಎಂದೆ.

ಹೆಂಡತಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ದೇವ್ರೇ! ಹಾಲು ಉಕ್ತಾ ಇತ್ತು, ಅವ್ರು ರೈಲು ಬಂತು ರೈಲು ಬಂತು ಅಂದ್ರು. ನೆನೆ ಹಾಕಿದ್ ಡಬ್ಬ ಸುತ್ತಿ ಕೊಟ್ಬಿಟ್ಟಿದೀನಿ ಕಣ್ರೀ!"

ಅಂದರೆ ಪೆಟ್ಟಿಗೆಯಲ್ಲಿ ಹೋದದ್ದು ಹೊಟ್ಟು ನಾರು ಕಲಸಿದ ನೀರು. ಅವಳು ಅತ್ತಳು. ನಾನು ಅವಳನ್ನು ಬೈದೆ, ಆಮೇಲೆ ನನ್ನನ್ನೇ ಬೈದುಕೊಂಡೆ. ಆ ಬಿಸಿಲಿನಲ್ಲಿ ಅಷ್ಟು ದೂರ ನಡೆದು, ಪೆಟ್ಟಿಗೆ ತೆಗೆದು, ನೀರು ನೋಡಿ ಆ ಮನುಷ್ಯ ಏನೆಂದುಕೊಂಡಿರಬೇಕು! ಹನಿಯೆಲ್ಲ ಕೆಟ್ಟಿತಲ್ಲ, ಮಕ್ಕಳೆಲ್ಲ ವಾಪಸ್ಸು ಹೋದವಲ್ಲ. ಮಾರನೆಯ ದಿನ ಅವರ ಕಾಲು ಹಿಡಿಯುವುದೊಂದೇ ಬಾಕಿ ಎಂದುಕೊಂಡೆ. ಅವಳು ಅವರಿಗೆ ಇಷ್ಟವೆಂದು ಕೋಡುಬಳೆ ಕರಿದಿಟ್ಟಳು.

ಶುಕ್ರವಾರ ಸಂಜೆ ಅವರು ಬಂದರು. ಗೇಟಿನಿಂದಲೇ ಬೆರಳು ಎತ್ತಿದರು.

"ಮೂರೂವರೆ ಮೇಷ್ಟ್ರೇ! ಬಿಸ್ಲು ಹೆಂಗೈತೆ ನೋಡಿ, ಆದ್ರೂ ಮೂರೂವರೆ ಬೆರಳು ಉಳ್ಕಂಡಿತ್ತು. ಎಲ್ಲಾ ಮಕ್ಳಿಗೂ ಹಾಕಿದ್ ಮೇಲೂ ಇನ್ನೂ ಇತ್ತು ಅಂತೀನಿ!"

ನನಗೆ ಮೊದಲು ಅರ್ಥವೇ ಆಗಲಿಲ್ಲ. ನನ್ನ ಹೆಂಡತಿಗೆ ಆಯಿತು. ಅವಳು ಕಾಫಿ ಲೋಟವನ್ನು ಅವರ ಕೈಗೆ ಕೊಡದೆ ಕಿಟಕಿಯಲ್ಲಿಟ್ಟು ಒಳಗೆ ಹೋದಳು. ಫ್ರಿಜ್ಜಿನಿಂದ ಡಬ್ಬ ತಂದು ಅವರ ಮುಂದೆ ಜಗಲಿಯ ಮೇಲಿಟ್ಟು ಮುಚ್ಚಳ ತೆಗೆದಳು.

"ಓ, ಬರೋ ವಾರದ್ದು ಆಗ್ಲೇ ರೆಡಿನಾ ಅಕ್ಕಾ?" ಎಂದರು.

"ಇದು ನಿನ್ನೇದು" ಎಂದಳು. "ನೀವು ತಗಂಡೋಗಿದ್ದು ಬರೀ ನೀರು."

ಅವರು ಡಬ್ಬ ನೋಡಿದರು. ನನ್ನನ್ನು ನೋಡಿದರು. ಎತ್ತಿದ್ದ ಬೆರಳುಗಳು ಇನ್ನೂ ಹಾಗೇ ಇದ್ದವು, ನಿಧಾನವಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡರು. ಗುರುವಾರ ಪೆಟ್ಟಿಗೆಯನ್ನು ಅವರು ತೆಗೆದೇ ಇರಲಿಲ್ಲ. ಶುಕ್ರವಾರ ಮುಚ್ಚಳ ತೆಗೆದು, ಕರಗಿದ ನೀರೆಂದುಕೊಂಡು ಚೆಲ್ಲಿ ತಂದಿದ್ದರು.

ಎಲ್ಲ ಆಚೆಗೆ ಬಂತು. ಶಿವನಿ ಕಡೆಗೆ ರೈಲು ಹತ್ತಿ ಮೂರು ತಿಂಗಳ ಮೇಲಾಗಿತ್ತು. ಕಡೂರಿನಲ್ಲಿ ಅವರು ಮನೆ ಕಟ್ಟಿಸುತ್ತಿದ್ದರು, ಗಾರೆಯವರು ಎದುರಿಗೆ ನಿಲ್ಲದಿದ್ದರೆ ಕೆಲಸ ಮಾಡುವುದಿಲ್ಲವಂತೆ. ಗುರುವಾರವೆಲ್ಲ ಅಲ್ಲಿ. ನಮ್ಮ ಪೆಟ್ಟಿಗೆ ಮರಳುಗುಡ್ಡೆಯ ಪಕ್ಕ. ಶೀಷೆಗಳನ್ನು ಚೆಲ್ಲಿ, ರಿಜಿಸ್ಟರಿನಲ್ಲಿ ಮಕ್ಕಳ ಹೆಸರು ಬರೆದು ಒಪ್ಪಿಸುವುದು. ನಮ್ಮ ಗಡ್ಡೆಯ ನೀರು ಸಿಮೆಂಟಿಗಾಯಿತೋ ಏನೋ, ಕೇಳಲಿಲ್ಲ. ಕೇಳಿದ್ದು ಒಂದೇ.

"ಆ ಅಜ್ಜಿ?" ಎಂದೆ.

"ಅಜ್ಜಿ ನಿಜ ಮೇಷ್ಟ್ರೇ. ಮೊದ್ಲೆರಡು ಸಲ ಹೋಗಿದ್ದೆ" ಎಂದರು. ಇವತ್ತಿಗೂ ನನಗೆ ಆ ಅಜ್ಜಿ ಇದ್ದಳೋ ಇಲ್ಲವೋ ಗೊತ್ತಿಲ್ಲ.

ನಾನು ಕೂಗಾಡಿದೆ. ಥೂ ಎಂದೆ. ಉಂಡ ಮನೆಯ ಜಂತೆ ಎಣಿಸಿದೆಯಲ್ಲೋ ಎಂದೆ, ಏಕವಚನದಲ್ಲೇ. ಅವರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, ಕೊನೆಗೆ ಒಂದು ಮಾತು ಅಂದರು: "ವಾರವಾರ ಐಸ್ ಎಷ್ಟು ಉಳೀತು ಅಂತ ಕೇಳಿದ್ರಿ ಮೇಷ್ಟ್ರೇ. ಮಕ್ಳು ಎಷ್ಟು ಕುಡಿದ್ವು ಅಂತ ಒಂದಿನನಾದ್ರೂ ಕೇಳಿದ್ರಾ?"

ಕಳ್ಳ ಸಿಕ್ಕಿಬಿದ್ದಾಗ ಆಡುವ ಮಾತು ಎಂದು ಆಗ ತಳ್ಳಿಹಾಕಿದೆ. ತಳ್ಳಿದಷ್ಟೂ ಅದು ಹೋಗಲಿಲ್ಲ. ನಾನು ನಿಜವಾಗಿಯೂ ಕೇಳಿರಲಿಲ್ಲ.

ಮಾರನೆಯ ದಿನ ಅವರ ಮೇಲಿನ ಡಾಕ್ಟರಿಗೆ ದೂರು ಬರೆದೆ, ಎರಡು ಪುಟ. ಸೋಮವಾರ ಕೊಡುವುದೆಂದು ಜೇಬಿನಲ್ಲಿಟ್ಟುಕೊಂಡೆ. ಭಾನುವಾರ ಬೆಳಿಗ್ಗೆ ಅವರು ಬಂದರು. ಒಳಗೆ ಬರಲಿಲ್ಲ, ಹೊಸಿಲಿನ ಆಚೆಯೇ ನಿಂತರು. ಕಣ್ಣು ಕೆಂಪಾಗಿತ್ತು. "ಅಕ್ಕಾ, ನನ್ ಎರಡು ಮಕ್ಕಳಾಣೆ. ಬರೋ ಗುರುವಾರದಿಂದ ಒಂದ್ ಹಟ್ಟಿ ಬಿಡಲ್ಲ, ಬಿಟ್ಟೋಗಿರೋ ಒಂದ್ ಮಗೂನೂ ಬಿಡಲ್ಲ. ನೌಕ್ರಿ ಹೋದ್ರೆ ನಾನ್ ಸತ್ತೆ" ಎಂದರು. ತಲೆಯ ಮೇಲೆ ಕೈ ಇಟ್ಟುಕೊಂಡು ಆಣೆ ಇಟ್ಟರು.

ಮಕ್ಕಳ ಮೇಲೆ ಆಣೆ ಇಟ್ಟವರನ್ನು ನಂಬದಿರುವುದು ನಮ್ಮ ಕಡೆ ಇಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳುವವರು ಇದ್ದಾರೆ, ಜಮೀನಿನ ಖಾತೆಯಲ್ಲಿ ಸುಳ್ಳು ಬರೆಸುವವರು ಇದ್ದಾರೆ, ಆದರೆ ಸ್ವಂತ ಮಕ್ಕಳ ಆಣೆಯನ್ನು ಯಾರೂ ಮುರಿಯುವುದಿಲ್ಲ. "ಮಕ್ಕಳಾಣೆ ಇಟ್ಟವ್ರೆ ಕಣ್ರೀ, ಇನ್ನೇನ್ ಬೇಕು?" ಎಂದಳು ಹೆಂಡತಿ. ನಾನು ದೂರನ್ನು ಹರಿದು ಒಲೆಗೆ ಹಾಕಿದೆ. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಾಗಿತ್ತು. ದೂರು ಕೊಟ್ಟರೆ ಗೋಡೆಯ ಮೇಲಿನ ಗ್ರಾಫ್ ಕೀಳಬೇಕಿತ್ತು, ಊರಿಗೆಲ್ಲ ನಾನು ಮೂರ್ಖನಾಗಬೇಕಿತ್ತು. ಸ್ನೇಹಿತರನ್ನು ಕಳೆದುಕೊಳ್ಳಬೇಕಿತ್ತು.

ಗುರುವಾರ ನಾನೇ ಕೈಯಾರ ಪೆಟ್ಟಿಗೆ ಕಟ್ಟಿಕೊಟ್ಟೆ. ಮುಂದಿನ ಗುರುವಾರ, ಅದರ ಮುಂದಿನದು. ಬೆರಳು ತೋರಿಸುವುದು ನಿಂತಿತು. "ಹೋಗ್ ಬಂದೆ" ಎನ್ನುತ್ತಿದ್ದರು, ಅಷ್ಟೇ. ಶಿವನಿ ಸ್ಟೇಷನ್ನಿನಲ್ಲಿ ಇಳಿದು ಯಾರನ್ನಾದರೂ ವಿಚಾರಿಸಲು ನನಗೆ ಕಾಲು ಅಡ್ಡ ಬರುತ್ತಿರಲಿಲ್ಲ. ರೈಲು ಅಲ್ಲಿಯವರೆಗೂ ಹೋಗುತ್ತದೆ. ನಾನು ಹೋಗಲಿಲ್ಲ. ಆಣೆ ಇಟ್ಟವರ ಹಿಂದೆ ಪತ್ತೇದಾರಿಕೆ ಮಾಡುವುದು ಸಣ್ಣತನ ಎಂದುಕೊಂಡೆ. ಮಳೆಗಾಲಕ್ಕೆ ಅವರಿಗೆ ಬೇರೆ ಕಡೆಗೆ ವರ್ಗವಾಯಿತು. ಹೋಗುವಾಗ ಹೆಂಡತಿ ಅವರ ಹೆಂಡತಿಗೆ ಕುಪ್ಪಸದ ಬಟ್ಟೆ ಕೊಟ್ಟು ಕಳಿಸಿದಳು.

ಐದಾರು ವರ್ಷವಾಗಿರಬೇಕು. ಜೂನ್ ತಿಂಗಳು, ಶಾಲೆಗೆ ಮಕ್ಕಳನ್ನು ಸೇರಿಸಿಕೊಳ್ಳುವ ದಿನ. ರೈತನೊಬ್ಬ ಹೆಣ್ಣುಮಗುವನ್ನು ಸೊಂಟದ ಮೇಲೆ ಹೊತ್ತು ಬಂದ. ಆರು ವರ್ಷದ ಮಗುವನ್ನು ಯಾರೂ ಹಾಗೆ ಹೊರುವುದಿಲ್ಲ. ಇಳಿಸಿದಾಗ ನೋಡಿದೆ. ಎಡಗಾಲು.

"ಯಾವೂರಪ್ಪಾ?" ಎಂದೆ. ಶಿವನಿಯಾಚೆಯ ಆ ಹಟ್ಟಿಯ ಹೆಸರು ಹೇಳಿದ.

"ನಮ್ಮೂರಿಂದ ಸ್ಕೂಲು ದೂರ ಸಾ, ನಡೆಯಕ್ಕಾಗಲ್ಲ ಇದ್ಕೆ. ಇಲ್ಲಿ ಅವ್ರಜ್ಜಿ ಮನೆ ಐತೆ. ನಿಮ್ ಕಾಲು ನೋಡಿದ್ ಮೇಲೆ ನಂಗೂ ಧೈರ್ಯ ಬಂತು."

"ಹನಿ ಹಾಕಿಸಿರಲಿಲ್ವಾ?"

"ಮೂರ್ ಸಲನೂ ಆಗೈತೆ ಸಾ" ಎಂದು ಆತ ಪ್ಲಾಸ್ಟಿಕ್ ಚೀಲದಿಂದ ಒಂದು ಕಾರ್ಡು ತೆಗೆದು ಕೊಟ್ಟ. "ಹನಿ ಹಾಕ್ಸಿದ್ರೂ ಹಿಂಗಾತಲ್ಲ ಅಂತ ನಮ್ ಹಟ್ಟೀಲಿ ಈಗ ಯಾರೂ ಹಾಕ್ಸಲ್ಲ."

ಮೂರು ತಾರೀಕು, ಮೂರು ಸಹಿ. ಎರಡು ತಾರೀಕು ನಮ್ಮ ಮನೆಯ ಜಗಲಿಯ ಜಗಳಕ್ಕಿಂತ ಹಿಂದಿನವು. ಮೂರನೆಯದು ಅದೇ ಮಾರ್ಚ್ ತಿಂಗಳ ಕೊನೆಯ ಗುರುವಾರ. ಮಕ್ಕಳಾಣೆ ಇಟ್ಟು ಮೂರು ವಾರ ಕಳೆದಿತ್ತು.

"ಈ ಮೂರನೇದು ಎಲ್ಲಿ ಹಾಕಿದ್ರು?"

"ಅದಾ? ಶಿವನಿ ಸ್ಟೇಷನ್ನಾಗೆ ಸಾ. ಇನ್ಸ್‌ಪೆಕ್ಟ್ರು ರೈಲಿಂದ ಇಳೀನೇ ಇಲ್ಲ, ಕಿಟ್ಕೀಲೇ ಕಾರ್ಡು ಇಸ್ಕಂಡು ಬರ್ಕೊಟ್ರು. ಹನಿ ಶೀಷೆ ಕೈಗೇ ಕೊಟ್ರು, ಬಿಸ್ಲಲ್ಲೇ ಹೊತ್ಕಂಡೋಗಿ ಮನೇಲಿ ಕುಡಿಸಿದ್ವಿ. ಹಿಂದಿನ್ ಎರಡ್ಕೂ ಯಾರ್ ಕೈಲೋ ಹಂಗೇ ಕಳಿಸಿದ್ರು. ಒಳ್ಳೆ ಮನ್ಸ, ಹೆಂಗುಸ್ರು ಮಕ್ಳು ಬಿಸ್ಲಲ್ಲಿ ನಿಲ್ಬಾರ್ದು ಅಂತ. ನಮ್ ಹಣೇಬರ ಸಾ, ಅವ್ರೇನ್ ಮಾಡ್ತಾರೆ."

ಹಣೆಬರಹವಲ್ಲ ಎಂದು ಹೇಳಲೇಬೇಕಾಯಿತು. ಆತನನ್ನು ಬೆಂಚಿನ ಮೇಲೆ ಕೂರಿಸಿ, ಎಲ್ಲವನ್ನೂ ಹೇಳಿದೆ. ಐಸುಗಡ್ಡೆ, ಪೆಟ್ಟಿಗೆ, ಕಡೂರಿನ ಮನೆ, ಆಣೆ, ಒಲೆಗೆ ಹಾಕಿದ ದೂರು. ನನ್ನನ್ನು ಆ ಮನುಷ್ಯ ಎರಡು ಸಲ ನಂಬಿಸಿ ಕತ್ತು ಕುಯ್ದನಪ್ಪಾ ಎಂದೆ. ಆತ ನನಗೆ ಸಮಾಧಾನ ಹೇಳುತ್ತಾನೆಂದೇ ನಾನು ಕಾಯುತ್ತಿದ್ದೆನೋ ಏನೋ.

ಆತ ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ಚೀಲದಲ್ಲಿಟ್ಟ.

"ಅಂದ್ರೆ, ಈ ಮೂರನೇದಕ್ಕೆ ಮುಂಚೇನೇ ನಿಮ್ಗೆ ಗೊತ್ತಿತ್ತು" ಎಂದ.

ನಾನು ಹೂಂ ಎಂದೆ.

ಆತ ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಹೊರಗೆ ನಡೆದ. ಆ ವರ್ಷ ನಮ್ಮ ಶಾಲೆಯ ಒಂದನೇ ತರಗತಿಗೆ ಆ ಹಟ್ಟಿಯಿಂದ ಯಾರೂ ಸೇರಲಿಲ್ಲ.